ಕಾರಿನ ನ್ಯಾವಿಗೇಶನ್ ಕಲಿಯೋದು: ತುಮಕೂರಿಗೆ ಹೊಸದಾಗಿ ಬಂದವರಿಗೆ

ತುಮಕೂರಿಗೆ ಬಂದಿದ್ದೀರಿ, ಬಹಳ ಸಂತೋಷ. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕೆಲಸಕ್ಕೋ, ವರ್ಗಾವಣೆ ಮೇಲೋ, ಮಕ್ಕಳ ಓದಿಗೋ ಬಂದಿರಬಹುದು. ಬಾಡಿಗೆ ಮನೆ, ಗ್ಯಾಸು, ಶಾಲೆ ವಿಷಯ ಈ ಮಾರ್ಗದರ್ಶಿಯ ಬೇರೆ ಭಾಗಗಳಲ್ಲಿದೆ. ಇಲ್ಲಿ ಹೇಳುತ್ತಿರುವುದು ಕಾರಿನ ಪರದೆಯಲ್ಲೇ ಬರುವ ನ್ಯಾವಿಗೇಶನ್ ಬಗ್ಗೆ. ಇದಕ್ಕೆ ಇಷ್ಟು ಜಾಗ ಯಾಕೆ ಅಂತ ಈ ಮಾರ್ಗದರ್ಶಿ ತಂದಿರುವ ನಮ್ಮ ಸಂಘದಲ್ಲೇ ಕೆಲವರು ಕೇಳಿದರು. ಬಂದ ಹೊಸದರಲ್ಲಿ ನಮ್ಮಲ್ಲಿ ಬಹಳ ಜನ ಒದ್ದಾಡಿದ್ದು ಇದೇ ವಿಷಯದಲ್ಲಿ, ಅದಕ್ಕೆ.

ಹೊಸ ಗಾಡಿ ಕೊಡುವಾಗ ಶೋರೂಮಿನವರು ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಫೋಟೊ ತೆಗೆದು ಕಳಿಸುತ್ತಾರೆ. ಎಸಿ ಗುಂಡಿ ತೋರಿಸುತ್ತಾರೆ. ನ್ಯಾವಿಗೇಶನ್ ಬಗ್ಗೆ ಮಾತ್ರ ನನಗೆ ಒಬ್ಬರೂ ಒಂದು ಮಾತು ಹೇಳಲಿಲ್ಲ. ಸಾವಿರಾರು ರೂಪಾಯಿ ಜಾಸ್ತಿ ಕೊಟ್ಟು ಆ ಮಾಡೆಲ್ ತಗೊಂಡಿರುತ್ತೇವೆ. ಕೇಳಿ ಕಲಿಯೋದು ನಮ್ಮ ಹಕ್ಕು. ಡೆಲಿವರಿ ದಿನವೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಸಿಕೊಳ್ಳಿ, ಸಂಕೋಚ ಬೇಡ.

ನಿಂತ ಗಾಡಿಯಲ್ಲಿ ಕಲಿಯಿರಿ

ಓಡುವ ಗಾಡಿಯಲ್ಲಿ ಅಕ್ಷರ ಒತ್ತಲು ಬಹಳ ಕಾರುಗಳು ಬಿಡುವುದೇ ಇಲ್ಲ. ಬಿಟ್ಟರೂ ಒತ್ತಬಾರದು. ಒಂದು ಭಾನುವಾರ ಬೆಳಿಗ್ಗೆ ಬಯಲಲ್ಲಿ ಗಾಡಿ ನಿಲ್ಲಿಸಿ ಕೂತುಕೊಳ್ಳಿ. ಬೇಸ್‌ಮೆಂಟ್ ಪಾರ್ಕಿಂಗ್ ಬೇಡ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಸಂಕೇತ ಹಿಡಿದು ಕಾರು ತಾನಿರುವ ಜಾಗ ಲೆಕ್ಕ ಹಾಕುತ್ತದೆ. ಕನಿಷ್ಠ 4 ಉಪಗ್ರಹ ಸಿಗಬೇಕು. ಗಾಡಿಯನ್ನು ಬಹಳ ದಿನ ತೆಗೆಯದೆ ಇಟ್ಟಿದ್ದರೆ ಜಾಗ ಹಿಡಿಯಲು ಒಂದೆರಡು ನಿಮಿಷ ಬೇಕಾಗುತ್ತದೆ. ಬಾಣದ ಗುರುತು ಸರಿಯಾದ ರಸ್ತೆ ಮೇಲೆ ಕೂತ ಮೇಲೆ ಹೊರಡಿ.

ನಕ್ಷೆ ಕಾರಿನೊಳಗೇ ಇರುವುದರಿಂದ ಇಂಟರ್‌ನೆಟ್ ಇಲ್ಲದಿದ್ದರೂ ದಾರಿ ತೋರಿಸುತ್ತದೆ. ದೇವರಾಯನದುರ್ಗದ ಕಾಡಿನ ತಿರುವುಗಳಲ್ಲಿ ಫೋನ್ ಸಿಗ್ನಲ್ ಹೋದರೂ ಚಿಂತೆಯಿಲ್ಲ. ಎಷ್ಟೋ ಕಾರುಗಳು ಚಕ್ರ ತಿರುಗಿದ ಲೆಕ್ಕವನ್ನೂ ಸೇರಿಸಿಕೊಳ್ಳುತ್ತವೆ. ಹಾಗಾಗಿ ಸುರಂಗದಲ್ಲಿ, ಮೇಲ್ಸೇತುವೆ ಕೆಳಗೆ ಕೂಡ ಬಾಣ ಮುಂದೆ ಹೋಗುತ್ತಿರುತ್ತದೆ. ನಮ್ಮ ದೇಶದ್ದೇ ಆದ ನಾವಿಕ್ ಉಪಗ್ರಹ ವ್ಯವಸ್ಥೆಯನ್ನು ಇಸ್ರೋ ಕಟ್ಟಿದೆ. ಅದರ ನ್ಯಾವಿಗೇಶನ್ ಕೇಂದ್ರ ಇರುವುದು ಬೆಂಗಳೂರು ಪಕ್ಕದ ಬ್ಯಾಲಾಳುವಿನಲ್ಲಿ. ಮಕ್ಕಳಿಗೆ ಇದನ್ನು ಹೇಳಿ, ನಮ್ಮ ನೆಲದ ಹೆಮ್ಮೆ ಅಲ್ವಾ.

ಕೂತಾಗ ಇಷ್ಟು ಮಾಡಿ ಮುಗಿಸಿ:

– ಭಾಷೆ ಪಟ್ಟಿಯಲ್ಲಿ ಕನ್ನಡ ಇದೆಯಾ ನೋಡಿ. ಇದ್ದರೆ ಅದನ್ನೇ ಇಡಿ. ಇಲ್ಲದಿದ್ದರೆ ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಬರವಣಿಗೆಯಲ್ಲಿ ಕೇಳಿ. ನಾವು ಕೇಳದೆ ಯಾರೂ ಕೊಡುವುದಿಲ್ಲ.
– ದಾರಿ ಹೇಳುವ ಧ್ವನಿಯ ವಾಲ್ಯೂಮ್ ಬೇರೆ, ಹಾಡಿನ ವಾಲ್ಯೂಮ್ ಬೇರೆ. ಬಹಳ ಕಾರುಗಳಲ್ಲಿ ಧ್ವನಿ ಮಾತಾಡುತ್ತಿರುವಾಗಲೇ ಗುಂಡಿ ತಿರುಗಿಸಬೇಕು.
– ನಕ್ಷೆಯ ಮೇಲ್ಭಾಗ ಉತ್ತರ ಇರಬೇಕಾ, ಗಾಡಿ ಹೋಗುವ ದಿಕ್ಕು ಇರಬೇಕಾ ಅಂತ ಆರಿಸಿ. ಹೊಸಬರಿಗೆ ಎರಡನೆಯದು ಸುಲಭ.
– ‘ಹೋಮ್’ ಅಂತ ಮನೆ ಬಾಗಿಲನ್ನೇ ಇಡಬೇಡಿ, ಹತ್ತಿರದ ಸರ್ಕಲ್ ಇಡಿ. ಗಾಡಿ ಬೇರೆಯವರ ಕೈಗೂ ಹೋಗುತ್ತದೆ.

ಮೊದಲ ಸಲ ನಿಮಗೆ ಚೆನ್ನಾಗಿ ಗೊತ್ತಿರುವ ದಾರಿಗೇ ಹಾಕಿ. ಮನೆಯಿಂದ ಕ್ಯಾತ್ಸಂದ್ರ, ಅಲ್ಲಿಂದ ಸಿದ್ಧಗಂಗಾ ಮಠ. ಬರುವಾಗ ತಟ್ಟೆ ಇಡ್ಲಿ ತಿಂದು ಬನ್ನಿ. ದಾರಿ ಗೊತ್ತಿದ್ದಾಗ ‘300 ಮೀಟರ್‌ನಲ್ಲಿ ಎಡಕ್ಕೆ’ ಅಂದರೆ ರಸ್ತೆ ಮೇಲೆ ಎಷ್ಟು ದೂರ ಅಂತ ಕಣ್ಣಿಗೆ ಅಭ್ಯಾಸವಾಗುತ್ತದೆ. ಈ ಅಭ್ಯಾಸ ಇಲ್ಲದವರೇ ಒಂದು ತಿರುವು ಮುಂಚೆ ತಿರುಗಿಸಿಬಿಡುತ್ತಾರೆ.

ನಕ್ಷೆ ಯಾವ ವರ್ಷದ್ದು?

ಸೆಟ್ಟಿಂಗ್ಸ್‌ನಲ್ಲಿ ನಕ್ಷೆಯ ಆವೃತ್ತಿ, ವರ್ಷ ಇರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರು ಇದನ್ನು ಮೊದಲು ನೋಡಿ. ಇಲ್ಲೇ ಒಂದು ಪರೀಕ್ಷೆ ಮಾಡಬಹುದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಹುಡುಕಿ. ಅದು ಲೋಕಾರ್ಪಣೆ ಆಗಿದ್ದು 2023ರ ಫೆಬ್ರವರಿ 6ರಂದು. ಆ ಜಾಗ ಬರೀ ಬಯಲಾಗಿ ಕಂಡರೆ ನಕ್ಷೆ ಹಳೆಯದು ಅಂತ ಅನುಮಾನಪಡಿ. ಬೆಂಗಳೂರು–ತುಮಕೂರು–ಸಿರಾ ಹೆದ್ದಾರಿಗೆ ಎನ್‌ಎಚ್ 4 ಅಂತ ತೋರಿಸಿದರಂತೂ ಬಹಳ ಹಳೆಯದು, ಈಗ ಅದು ಎನ್‌ಎಚ್ 48. ಊರಿನ ಜನ ಇವತ್ತಿಗೂ ಎನ್‌ಎಚ್ ಫೋರ್ ಅಂತಲೇ ಹೇಳುತ್ತಾರೆ, ಅದಕ್ಕೆ ಗಾಬರಿ ಬೇಡ.

ಅಪ್‌ಡೇಟ್ ಕೆಲವು ಕಾರುಗಳಿಗೆ ಪೆನ್ ಡ್ರೈವ್‌ನಿಂದ, ಕೆಲವಕ್ಕೆ ಎಸ್‌ಡಿ ಕಾರ್ಡ್‌ನಿಂದ, ಹೊಸ ಕಾರುಗಳಿಗೆ ಇಂಟರ್‌ನೆಟ್ ಮೂಲಕ. ನಡುವೆ ಕಾರ್ಡ್ ಕೀಳಬೇಡಿ, ಗಾಡಿ ಆಫ್ ಮಾಡಬೇಡಿ. ಎಷ್ಟು ವರ್ಷ ಉಚಿತ ಅಂತ ಡೀಲರ್ ಹತ್ತಿರ ಬರೆಸಿಕೊಳ್ಳಿ.

ಯಾವ ಹೊಸಹಳ್ಳಿ?

ಇದನ್ನು ಎರಡು ಸಲ ಓದಿ. ತುಮಕೂರು ಜಿಲ್ಲೆಯಲ್ಲಿ 10 ತಾಲ್ಲೂಕು: ತುಮಕೂರು, ಗುಬ್ಬಿ, ತಿಪಟೂರು, ತುರುವೇಕೆರೆ, ಕುಣಿಗಲ್, ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ, ಚಿಕ್ಕನಾಯಕನಹಳ್ಳಿ. ಗೊಲ್ಲರಹಟ್ಟಿ, ಹೊಸಹಳ್ಳಿ, ಕಾವಲ್, ಪಾಳ್ಯ ಅನ್ನುವ ಹೆಸರುಗಳು ಎಲ್ಲಾ ಕಡೆ ಸಿಗುತ್ತವೆ. ಪಕ್ಕದ ಜಿಲ್ಲೆಗಳಲ್ಲೂ ಇವೆ. ನೀವು ಹೆಸರು ಒತ್ತಿದ ಕೂಡಲೇ ಪಟ್ಟಿ ಬರುತ್ತದೆ, ಮೇಲಿನದ್ದನ್ನು ಒತ್ತಿ ಹೊರಟುಬಿಡುತ್ತೀರಿ. ಮದುವೆ ಮುಹೂರ್ತ ಒಂದೂರಲ್ಲಿ, ನೀವು ಉಡುಗೊರೆ ಹಿಡಿದು ಇನ್ನೊಂದೂರಲ್ಲಿ. ಸಂಘದ ಎಷ್ಟೋ ಕುಟುಂಬಗಳಿಗೆ ಇದು ಆಗಿದೆ. ಮನೆಯವರ ಮುಂದೆ ಆಗುವ ಮುಜುಗರ ಹೇಳತೀರದು.

ಮಾಡಬೇಕಾದದ್ದು ಇಷ್ಟೇ. ಆಮಂತ್ರಣ ಕೊಟ್ಟವರಿಗೆ ಫೋನ್ ಮಾಡಿ ತಾಲ್ಲೂಕು, ಹೋಬಳಿ, ಹತ್ತಿರದ ದೊಡ್ಡ ಊರು ಕೇಳಿ. ಆಮೇಲೆ ಪರದೆ ತೋರಿಸುವ ದೂರ ನೋಡಿ. ಗುಬ್ಬಿ ಇಲ್ಲಿಂದ ಸುಮಾರು 20 ಕಿ.ಮೀ., ಸಿರಾ ಸುಮಾರು 50. ಗುಬ್ಬಿ ಪಕ್ಕದ ಹಳ್ಳಿಗೆ 90 ಕಿ.ಮೀ. ತೋರಿಸಿದರೆ ಅದು ಬೇರೆ ಹಳ್ಳಿ. ಪಾವಗಡಕ್ಕೆ ಮೂರು ಕಡೆ ಆಂಧ್ರ. ಆ ಕಡೆ ಹೋಗುವಾಗ ತೆಲುಗು ಬೋರ್ಡು ಕಂಡರೆ ದಾರಿ ತಪ್ಪಿತು ಅಂತ ತಕ್ಷಣ ಹಿಂದೆ ತಿರುಗಬೇಡಿ.

ಊರಿನ ಹೆಸರು ಸಿಗದಿದ್ದರೆ ಇಂಗ್ಲಿಷ್ ಸ್ಪೆಲಿಂಗ್ ಬದಲಿಸಿ ನೋಡಿ. ತುಮಕೂರು ಅಂತ ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ರಂದು. ಹಳೆ ನಕ್ಷೆಗಳಲ್ಲಿ ‘ತುಮ್ಕೂರ್’ ಸ್ಪೆಲಿಂಗೇ ಇದೆ. ಕ್ಯಾತ್ಸಂದ್ರವನ್ನಂತೂ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ.

ನೆಂಟರು ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸುತ್ತಾರೆ. ಬಹಳ ಕಾರುಗಳ ನ್ಯಾವಿಗೇಶನ್ ಅದನ್ನು ನೇರವಾಗಿ ತೆರೆಯಲಾರದು. ಆದರೆ ಆ ಜಾಗದ ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಬಹಳ ಕಾರುಗಳಲ್ಲಿ ಒತ್ತಬಹುದು. ಇಲ್ಲೊಂದು ಎಚ್ಚರ. ಫೋನು 13.34 ಅಂತ ತೋರಿಸುತ್ತದೆ. ಕೆಲವು ಕಾರುಗಳು ಡಿಗ್ರಿ, ನಿಮಿಷ, ಸೆಕೆಂಡ್ ಕೇಳುತ್ತವೆ. 13 ಡಿಗ್ರಿ 34 ನಿಮಿಷ ಅಂತ ಒತ್ತಿದರೆ ಸುಮಾರು 25 ಕಿ.ಮೀ. ಉತ್ತರಕ್ಕೆ ಹೋಗಿಬಿಡುತ್ತೀರಿ! ದಶಮಾಂಶದ ಭಾಗವನ್ನು 60ರಿಂದ ಗುಣಿಸಿ. 0.34 ಅಂದರೆ 20.4 ನಿಮಿಷ, ಅಂದರೆ 20 ನಿಮಿಷ 24 ಸೆಕೆಂಡ್. ಲೆಕ್ಕ ಕಷ್ಟ ಅನ್ನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ದಶಮಾಂಶದ ಆಯ್ಕೆ ಇದೆಯಾ ಹುಡುಕಿ. ಮ್ಯಾಪ್‌ಮೈಇಂಡಿಯಾ ನಕ್ಷೆ ಇರುವ ಗಾಡಿಯಾದರೆ ಅವರ ಮ್ಯಾಪಲ್ಸ್ ಪಿನ್ (ಒಂದೊಂದು ಜಾಗಕ್ಕೂ ಇರುವ 6 ಅಕ್ಷರ-ಅಂಕಿಗಳ ಗುರುತು) ತಗೊಳ್ಳುತ್ತದಾ ಅಂತಲೂ ನೋಡಿ, ಅದು ಇನ್ನೂ ಸುಲಭ.

‘ಶಾರ್ಟೆಸ್ಟ್’ ಬೇಡ

ದಾರಿ ಆರಿಸುವ ಕಡೆ ‘ಫಾಸ್ಟೆಸ್ಟ್’, ‘ಶಾರ್ಟೆಸ್ಟ್’ ಅಂತ ಇರುತ್ತದೆ. ಟೋಲ್ ಬೇಡ, ಹೆದ್ದಾರಿ ಬೇಡ, ಮಣ್ಣು ರಸ್ತೆ ಬೇಡ ಅನ್ನುವ ಆಯ್ಕೆಗಳೂ ಇವೆ. ಡೀಸೆಲ್ ಉಳಿಯುತ್ತದೆ ಅಂತ ಶಾರ್ಟೆಸ್ಟ್ ಇಡಬೇಡಿ. ಮಣ್ಣು ರಸ್ತೆ ಬೇಡ ಅನ್ನುವುದನ್ನು ಕಡ್ಡಾಯವಾಗಿ ಆನ್ ಮಾಡಿ. ಎರಡು ಕಿಲೋಮೀಟರ್ ಉಳಿಸಲು ಶಾರ್ಟೆಸ್ಟ್ ನಿಮ್ಮನ್ನು ಕೆರೆ ಏರಿ ಮೇಲೆ ಹತ್ತಿಸುತ್ತದೆ. ಏರಿ ಮೇಲೆ ಒಂದೇ ಗಾಡಿಗೆ ಜಾಗ, ಎದುರಿಗೆ ಟ್ರ್ಯಾಕ್ಟರ್, ಒಂದು ಕಡೆ ನೀರು, ಇನ್ನೊಂದು ಕಡೆ ತೋಟದ ಇಳಿಜಾರು. ರಾತ್ರಿ ರಿವರ್ಸ್ ಬರುವುದು ಎಂಥ ಡ್ರೈವರ್‌ಗೂ ಕಷ್ಟ.

ನವೆಂಬರ್‌ನಿಂದ ಸಂಕ್ರಾಂತಿವರೆಗೆ ಇನ್ನೂ ಹುಷಾರಾಗಿರಬೇಕು. ಆಗ ಹಳ್ಳಿ ರಸ್ತೆಗಳಲ್ಲಿ ಒಕ್ಕಣೆ. ರಾಗಿ, ಹುರುಳಿಯನ್ನು ಟಾರು ರಸ್ತೆಗೇ ಹರಡಿರುತ್ತಾರೆ. ಕಣ ಮಾಡಲು ಈಗ ಆಳು ಸಿಗುವುದಿಲ್ಲ, ರೈತರ ಕಷ್ಟ ಅವರಿಗೇ ಗೊತ್ತು. ಆದರೆ ಹುರುಳಿ ಗಿಡ ಕಾರಿನ ಅಡಿ ಸುತ್ತಿಕೊಂಡರೆ ಬಿಡಿಸುವುದು ಕಷ್ಟ. ಕಾದ ಸೈಲೆನ್ಸರ್‌ಗೆ ತಗುಲಿದರೆ ಬೆಂಕಿಯೇ ಹತ್ತುತ್ತದೆ, ಹಾಗೆ ಕಾರುಗಳು ಸುಟ್ಟಿವೆ. ಪರದೆ ‘ನೇರ ಹೋಗಿ’ ಅಂದರೂ ನಿಲ್ಲಿಸಿ. ಇಳಿದು, ‘ಅಣ್ಣಾ, ಸ್ವಲ್ಪ ಒಂದು ಪಕ್ಕ ಸರಿಸ್ತೀರಾ’ ಅಂತ ಕೇಳಿ. ಸರಿಸಿಕೊಡುತ್ತಾರೆ. ಸಾಧ್ಯವಿಲ್ಲದಿದ್ದರೆ ಬೇರೆ ದಾರಿ ಹಿಡಿಯಿರಿ. ಅಕಸ್ಮಾತ್ ಹಾದು ಹೋಗಬೇಕಾಗಿ ಬಂದರೆ, ದಾಟಿದ ಕೂಡಲೇ ಬರಿ ರಸ್ತೆಯಲ್ಲಿ ನಿಲ್ಲಿಸಿ ಗಾಡಿಯ ಅಡಿ ಬಗ್ಗಿ ನೋಡಿ. ಸುಟ್ಟ ವಾಸನೆ ಬಂದರೆ ಮಕ್ಕಳನ್ನು ಮೊದಲು ಇಳಿಸಿ. ಹಾರ್ನ್ ಹೊಡೆದು ರೈತರ ಮೇಲೆ ಕೂಗಾಡುವ ಹೊಸಬರನ್ನು ನೋಡಿದ್ದೇವೆ. ದಯವಿಟ್ಟು ಬೇಡ. ಊರಿನವರ ಜೊತೆ ಬಾಳಬೇಕಾದವರು ನಾವು.

ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವಾಗ ನೆಲಮಂಗಲದ ಮೇಲೆ ಬೆಂಗಳೂರೊಳಗೆ ಹೋಗುವ ದಾರಿ, ಡಾಬಸ್‌ಪೇಟೆಯಲ್ಲಿ ತಿರುಗುವ ದಾರಿ ಎರಡನ್ನೂ ಹೋಲಿಸಿ. ಡಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಬೆಂಗಳೂರು ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ಇಂಟರ್‌ನೆಟ್ ಇಲ್ಲದ ನ್ಯಾವಿಗೇಶನ್‌ಗೆ ನೆಲಮಂಗಲದ ಟ್ರಾಫಿಕ್ ಗೊತ್ತಾಗುವುದಿಲ್ಲ. ಅದು ಹೇಳುವ ಸಮಯಕ್ಕೆ ನೀವೇ ಒಂದು ಗಂಟೆ ಸೇರಿಸಿ ಹೊರಡಿ.

ಹೈವೇ, ಸರ್ವಿಸ್ ರಸ್ತೆ

ಎರಡೂ ಅಕ್ಕಪಕ್ಕ ಇರುವುದರಿಂದ ನೀವು ಯಾವುದರಲ್ಲಿ ಇದ್ದೀರಿ ಅಂತ ಕಾರಿಗೆ ಎಷ್ಟೋ ಸಲ ತಿಳಿಯುವುದಿಲ್ಲ. ಬೆಂಗಳೂರಿನಿಂದ ಬರುವಾಗ ಕ್ಯಾತ್ಸಂದ್ರ ಹತ್ತಿರವಾದ ಕೂಡಲೇ ಎಡಕ್ಕೆ ಬನ್ನಿ, ಪರದೆಗಿಂತ ಬೋರ್ಡು ನೋಡಿ. ತಪ್ಪಿದರೆ ಸಿರಾ ಕಡೆ ಸಾಗುತ್ತೀರಿ. ಆಗ ಮುಂದೆ ಹೋಗಿ ಸರಿಯಾದ ಕಡೆ ತಿರುಗಿಸಿ, ಅದು ತಾನೇ ಹೊಸ ದಾರಿ ಲೆಕ್ಕ ಹಾಕುತ್ತದೆ. ಹೆದ್ದಾರಿಯಲ್ಲಿ ರಿವರ್ಸ್ ಬರುವುದು, ಎದುರು ದಿಕ್ಕಿನಲ್ಲಿ ಓಡಿಸುವುದು ಪ್ರಾಣಕ್ಕೆ ಅಪಾಯ. ಐದು ನಿಮಿಷ ತಡವಾದರೆ ಆಗಲಿ.

ಊರೊಳಗೆ

ಮಂಡಿಪೇಟೆ, ಚಿಕ್ಕಪೇಟೆ: ಲಾರಿ ಲೋಡಿಂಗ್ ಹೊತ್ತಿನಲ್ಲಿ ನ್ಯಾವಿಗೇಶನ್ ನಂಬಿ ಒಳಗೆ ಹೋಗಬೇಡಿ.
ಟೌನ್ ಹಾಲ್ ಸರ್ಕಲ್: ನಕ್ಷೆಯಲ್ಲಿ ಬಿ.ಜಿ.ಎಸ್. ವೃತ್ತ ಅಂತಲೂ ಇರಬಹುದು.
ರೈಲ್ವೆ ಅಂಡರ್‌ಪಾಸ್: ಜೋರು ಮಳೆಯಲ್ಲಿ ಬೇಡವೇ ಬೇಡ.
ಶಿವರಾತ್ರಿ, ಸಿದ್ಧಗಂಗಾ ಜಾತ್ರೆ: ಪೊಲೀಸರು ತೋರಿಸಿದ ದಾರಿಯೇ ದಾರಿ.

ಫೋನ್ ಬಗ್ಗೆ

ಫೋನಿನ ಮ್ಯಾಪ್ ಇರುವಾಗ ಇದೆಲ್ಲ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಎರಡೂ ಇರಲಿ. ಟ್ರಾಫಿಕ್‌ಗೆ ಫೋನು, ಸಿಗ್ನಲ್ ಇಲ್ಲದ ಕಡೆ ಕಾರು. 2020ರ ಅಕ್ಟೋಬರ್ 1ರಿಂದ ಬಂದ ನಿಯಮದಲ್ಲಿ ಓಡಿಸುವಾಗ ಫೋನನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಗಮನ ತಪ್ಪದ ಹಾಗೆ. ಸ್ಟ್ಯಾಂಡ್‌ಗೆ ಸಿಕ್ಕಿಸಿ. ತೊಡೆ ಮೇಲೆ ಇಟ್ಟುಕೊಂಡು ಬಗ್ಗಿ ನೋಡಬೇಡಿ.

ನಮ್ಮೂರ ಕಡೆಯಿಂದ ತಂದ ಒಂದು ಅಭ್ಯಾಸ ಮಾತ್ರ ಬಿಡಬೇಡಿ. ಟೀ ಅಂಗಡಿ ಮುಂದೆ ನಿಲ್ಲಿಸಿ ಕೇಳುವುದು. ಹುಬ್ಬಳ್ಳಿಯವರಾಗಲಿ, ಕರಾವಳಿಯವರಾಗಲಿ, ನಿಮ್ಮ ಕನ್ನಡದಲ್ಲೇ ಕೇಳಿ, ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಸೇತುವೆ ಕೆಲಸ ನಡೀತಿದೆ, ಊರ ಹಬ್ಬಕ್ಕೆ ರಸ್ತೆ ಮುಚ್ಚಿದ್ದಾರೆ ಅನ್ನುವುದು ಅಲ್ಲಿ ಕೂತವರಿಗೆ ಗೊತ್ತಿರುತ್ತದೆ.

ಇಷ್ಟು ಓದಿಯೂ ಗುಂಡಿ ಗೊತ್ತಾಗದಿದ್ದರೆ ಸುಮ್ನೆ ಒದ್ದಾಡಬೇಡಿ. ಗಾಡಿ ತಗೊಂಡು ಸಂಘಕ್ಕೆ ಬನ್ನಿ, ಪಕ್ಕದಲ್ಲಿ ಕೂತು ಹೇಳಿಕೊಡುತ್ತೇವೆ. ಹೆಣ್ಣುಮಕ್ಕಳು, ಹಿರಿಯರು ಮೊದಲು ಬನ್ನಿ. ಒಂದೊಂದು ಕಂಪನಿಯ ಪರದೆ ಒಂದೊಂದು ಥರ. ಡ್ಯಾಶ್‌ಬೋರ್ಡ್‌ನಲ್ಲಿರುವ ಗಾಡಿಯ ಪುಸ್ತಕ (ಮ್ಯಾನ್ಯುಯಲ್) ಮರೆಯದೆ ತನ್ನಿ.