ಆಕಾರ ಎಳೆಯುವ ಮೊದಲು ಕೆಲಸ ಬರೆಯಿರಿ

ಫೈನಲ್ ಇಯರ್ ಪ್ರಾಜೆಕ್ಟ್ ಶುರುವಾದರೆ ಸಾಕು, ತುಮಕೂರಿನ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಮೊದಲ ವಾರವೇ ಕಂಪ್ಯೂಟರಿನಲ್ಲಿ ಮಾಡೆಲ್ ಎಳೆಯಲು ಕೂರುತ್ತಾರೆ. ವರ್ಷದ ಕೊನೆಗೆ ಅಂತರಸನಹಳ್ಳಿಯ ಯಾವುದೋ ಶೆಡ್‌ನಲ್ಲಿ ಕೊಬ್ಬರಿಯ ಚಿಪ್ಪು ಬಿಡಿಸುವ ಯಂತ್ರ ತಯಾರು; ಕಾಯಿ ಇಟ್ಟರೆ ಕೊಬ್ಬರಿ ಚೂರು ಚೂರು. ವೆಲ್ಡಿಂಗ್ ಚೆನ್ನಾಗೇ ಇರುತ್ತದೆ, ಎಡವಿರುವುದು ಶುರುವಿನ ಯೋಚನೆಯಲ್ಲಿ.

ಆ ಯೋಚನೆಗೂ ಒಂದು ಕ್ರಮವಿದೆ. ಜರ್ಮನಿಯ ಗೆರ್ಹಾರ್ಡ್ ಪಾಲ್ ಮತ್ತು ವೋಲ್ಫ್‌ಗಾಂಗ್ ಬೈಟ್ಸ್ 1977ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ನಾಲ್ಕು ಹಂತ: ಬೇಡಿಕೆ ಬಿಡಿಸಿಕೊಳ್ಳುವುದು, ಪರಿಕಲ್ಪನೆ, ಆಕಾರ ಕೊಡುವುದು, ವಿವರದ ಡ್ರಾಯಿಂಗ್. ಕೆಳಗಿನ ನಾಲ್ಕು ಹೆಜ್ಜೆಗಳಲ್ಲಿ ಮೊದಲನೆಯದು ಬೇಡಿಕೆಯ ಹಂತದ್ದು, ಮಿಕ್ಕ ಮೂರೂ ಪರಿಕಲ್ಪನೆಯವು. ತಿಪಟೂರಿನ ಉಂಡೆ ಕೊಬ್ಬರಿಯ ಚಿಪ್ಪು ಬಿಡಿಸುವ ಯಂತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಹೆಜ್ಜೆ 1: ಬೇಡಿಕೆ ಪಟ್ಟಿ

ಕಡ್ಡಾಯವಾದದ್ದು ಒಂದು ಕಡೆ, ಇದ್ದರೆ ಒಳ್ಳೆಯದು ಅನ್ನುವಂಥದ್ದು ಇನ್ನೊಂದು ಕಡೆ. ಉಂಡೆ ಒಡೆಯಬಾರದು, ಸಿಂಗಲ್ ಫೇಸ್ ಕರೆಂಟಿನಲ್ಲಿ ಓಡಬೇಕು: ಇವು ಕಡ್ಡಾಯ. 'ಬೇಗ' ಅನ್ನುವ ಪದ ಪಟ್ಟಿಯಲ್ಲಿ ಬೇಡ, ಗಂಟೆಗೆ ಎಷ್ಟು ಕಾಯಿ ಎಂದು ಅಂಕಿಯಲ್ಲೇ ಬರೆಯಿರಿ.

ಹೆಜ್ಜೆ 2: ಕೆಲಸಗಳ ನಕ್ಷೆ

ಬಹುತೇಕ ತಂಡಗಳು ಕೆಡುವುದು ಇಲ್ಲಿ. ಲ್ಯಾಪ್‌ಟಾಪ್ ಮುಚ್ಚಿಡಿ, ದೊಡ್ಡ ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ. ನಡುವೆ ಒಂದು ಪೆಟ್ಟಿಗೆ ಬರೆಯಿರಿ, ಅದೇ ಇಡೀ ಯಂತ್ರ. ಒಳಗೆ ಹೋಗುವುದು ಮೂರು: ವಸ್ತು, ಶಕ್ತಿ, ಸಂಕೇತ (ಅಂದರೆ ಸೂಚನೆ, ಮಾಹಿತಿ). ಹೊರಗೆ ಬರುವುದೂ ಅವೇ ಮೂರು, ರೂಪ ಬದಲಾಗಿರುತ್ತದೆ. ಈಗ ಆ ಪೆಟ್ಟಿಗೆಯನ್ನು ಚಿಕ್ಕ ಚಿಕ್ಕ ಕೆಲಸಗಳಾಗಿ ಒಡೆಯಿರಿ. ಪ್ರತಿಯೊಂದಕ್ಕೂ ಒಂದು ನಾಮಪದ, ಒಂದು ಕ್ರಿಯಾಪದ: 'ಕಾಯಿ ಹಿಡಿ', 'ಚಿಪ್ಪು ಬಿರುಕುಗೊಳಿಸು', 'ಚಿಪ್ಪು ಬೇರ್ಪಡಿಸು'. 'ಬ್ಲೇಡ್' ಎಂದು ಬರೆದಿರೋ, ಆಟ ಮುಗಿಯಿತು. ಬ್ಲೇಡ್ ಬಿಟ್ಟು ಬೇರೇನೂ ತಲೆಗೆ ಬರುವುದಿಲ್ಲ. 'ಬಿರುಕುಗೊಳಿಸು' ಎಂದರೆ ಬಡಿಯಬಹುದು, ಅದುಮಬಹುದು, ಗರಗಸದಲ್ಲಿ ಗೀರಬಹುದು.

ವಸ್ತು, ಶಕ್ತಿ ಎಲ್ಲರಿಗೂ ಸಿಗುತ್ತವೆ. ತಪ್ಪಿಹೋಗುವುದು ಸಂಕೇತ. ಕೊಬ್ಬರಿ ಸುಲಿಯುವವರ ಪಕ್ಕ ಅರ್ಧ ದಿನ ಕೂತು ನೋಡಿ. ಕಾಯಿ ಎತ್ತಿಕೊಂಡವರು ಮೊದಲು ಅಲ್ಲಾಡಿಸುತ್ತಾರೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಒಳಗಿನ ನೀರು ಇಂಗಿ, ಉಂಡೆ ಚಿಪ್ಪನ್ನು ಬಿಟ್ಟಿದ್ದರೆ ಲೊಟಲೊಟ ಎನ್ನುತ್ತದೆ. ಸದ್ದಿಲ್ಲದಿದ್ದರೆ ಆ ಕಾಯಿ ಪಕ್ಕಕ್ಕೆ. ಆಮೇಲೆ ಕಾಯಿ ತಿರುಗಿಸುತ್ತಾ ಪೆಟ್ಟು ಕೊಡುವಾಗ, ಚಿಪ್ಪು ಬಿರಿದ ಕ್ಷಣವೇ ಕೈ ಸಡಿಲವಾಗುತ್ತದೆ. 'ಒಣಗಿದೆಯೇ ಪರೀಕ್ಷಿಸು', 'ಬಿರುಕು ಗುರುತಿಸಿ ಪೆಟ್ಟು ನಿಲ್ಲಿಸು': ಈ ಎರಡು ಕೆಲಸ ನಕ್ಷೆಯಲ್ಲಿಲ್ಲದ ಯಂತ್ರ ಹಸಿ ಕಾಯಿಯನ್ನೂ ಒಣಕಾಯಿಯನ್ನೂ ಒಂದೇ ಸಮ ಜಜ್ಜುತ್ತದೆ. ಪರೀಕ್ಷೆಯನ್ನು ಮನುಷ್ಯರೇ ಮಾಡಲಿ ಎಂದರೂ ಸರಿ, ಹಾಗಿದ್ದರೆ ನಕ್ಷೆಯ ಮೇಲೆ ಗಡಿಗೆರೆ ಎಳೆದು ಯಾವುದು ಯಂತ್ರದ್ದು, ಯಾವುದು ಮನುಷ್ಯರದ್ದು ಎಂದು ತೋರಿಸಿ.

ರೆಡಿಮೇಡ್ ಪ್ರಾಜೆಕ್ಟ್ ರಿಪೋರ್ಟ್ ಮಾರುವ ಅಂಗಡಿಗಳ ಕಡೆ ತಲೆ ಹಾಕಬೇಡಿ. ಅಲ್ಲಿ ಸಿಗುವ ಫ್ಲೋಚಾರ್ಟ್‌ಗಳು ಯಂತ್ರ ಕಟ್ಟಿದ ಮೇಲೆ ಬರೆದವು, ಯೋಚನೆಗೆ ಒದಗುವುದಿಲ್ಲ.

ಹೆಜ್ಜೆ 3: ಪರ್ಯಾಯಗಳ ಕೋಷ್ಟಕ

ಇದು ಖಗೋಳ ವಿಜ್ಞಾನಿ ಫ್ರಿಟ್ಸ್ ಜ್ವಿಕಿ ಬಳಕೆಗೆ ತಂದ ಉಪಾಯ. ಸಾಲಿಗೊಂದು ಕೆಲಸ, ಪ್ರತಿ ಸಾಲಿನಲ್ಲಿ ಕನಿಷ್ಠ ಮೂರು ದಾರಿ. ಐದು ಕೆಲಸಕ್ಕೆ ಮೂರು ಮೂರು ದಾರಿಯಾದರೆ 243 ಜೋಡಣೆ. ಒಂದಕ್ಕೊಂದು ಹೊಂದದವನ್ನು ಹೊಡೆದುಹಾಕಿ ಮೂರು ನಾಲ್ಕು ಉಳಿಸಿಕೊಳ್ಳಿ. ಹೊಡೆದುಹಾಕುವಾಗ ಅಮೆರಿಕದ ಎಂಐಟಿಯ ನಾಮ್ ಸೂ ಅವರ ಸ್ವಾತಂತ್ರ್ಯದ ಸೂತ್ರ ನೆನಪಿರಲಿ: ಒಂದು ಅಗತ್ಯವನ್ನು ಸರಿಪಡಿಸಲು ಹೋದರೆ ಇನ್ನೊಂದು ಕೆಡಬಾರದು. ಹಿಡಿತವನ್ನೂ ಪೆಟ್ಟಿನ ಬಲವನ್ನೂ ಒಂದೇ ಸ್ಕ್ರೂ ತಿರುಗಿಸಿ ಹೊಂದಿಸುವ ವಿನ್ಯಾಸ ಕಂಡರೆ ಆಗಲೇ ಬಿಟ್ಟುಬಿಡಿ. ಕಾಯಿ ಚಿಕ್ಕದು ಬಂತೆಂದು ಹಿಡಿತ ಬಿಗಿ ಮಾಡಿದರೆ ಪೆಟ್ಟೂ ಜೋರಾಗುತ್ತದೆ.

ಹೆಜ್ಜೆ 4: ಆಯ್ಕೆ

ಬ್ರಿಟನ್ನಿನ ಸ್ಟುವರ್ಟ್ ಪ್ಯೂ ಅವರ ಕೋಷ್ಟಕ ಬಳಸಿ. ಈಗಾಗಲೇ ಇರುವ ಒಂದು ವಿಧಾನವನ್ನು ಅಳತೆಗೋಲಾಗಿಟ್ಟು, ಪ್ರತಿ ಮಾನದಂಡದಲ್ಲೂ ಹೊಸದು ಮೇಲೋ, ಕೀಳೋ, ಸಮವೋ ಎಂದು ಗುರುತು ಹಾಕುವುದು. ಅಳತೆಗೋಲು ಕತ್ತಿ ಹಿಡಿದ ಕೈಯೇ ಆಗಿರಲಿ, ಯಂತ್ರ ಪೈಪೋಟಿ ಕೊಡಬೇಕಾದ್ದು ಅದಕ್ಕೇ. ಪ್ಲಸ್, ಮೈನಸ್ ಕೂಡಿಸಿ ಗೆದ್ದವರನ್ನು ಘೋಷಿಸಬೇಡಿ. ಮೈನಸ್ ಬಿದ್ದ ಜಾಗಕ್ಕೆ ಬೇರೆ ವಿನ್ಯಾಸದ ಒಳ್ಳೆಯ ಭಾಗ ಕಸಿ ಮಾಡಿ, ಮತ್ತೊಂದು ಸುತ್ತು ಹೋಲಿಸಿ.

ಉಳಿದ ಎರಡು ಹಂತ: ಆಕಾರ, ಡ್ರಾಯಿಂಗ್

ಶಾಫ್ಟು, ಬೇರಿಂಗು, ಡ್ರಾಯಿಂಗು ಡೇಟಾ ಹ್ಯಾಂಡ್‌ಬುಕ್ ಪ್ರಕಾರ ನಡೆಯುತ್ತವೆ. ಗೇರ್ ಮೋಟರನ್ನು ಮಾತ್ರ ಆನ್‌ಲೈನ್‌ನ ಅಗ್ಗದ ಮಾಲಿನಲ್ಲಿ ತರಿಸಬೇಡಿ. ಲೇಬಲ್ಲಿನ ಟಾರ್ಕ್ (ತಿರುಗಿಸುವ ಬಲ) ನಂಬದೆ, ಭಾರ ಕಟ್ಟಿ ಎತ್ತಿಸಿ ನೋಡಿದ ಮೇಲೆಯೇ ಫ್ರೇಮಿಗೆ ತೂತು ಹೊಡೆಯಿರಿ.