ಮೂರನೇ ಗ್ರೂಪಲ್ಲಿ ಎಡವದೆ ಸಾಲ್ಟ್ ಪತ್ತೆ ಮಾಡುವುದು ಹೇಗೆ?

ಪಿಯುಸಿ ಪ್ರಾಕ್ಟಿಕಲ್ಸ್ ಹತ್ತಿರ ಬಂದರೆ ಲ್ಯಾಬ್‌ನಲ್ಲಿ ಎಲ್ಲರದ್ದೂ ಒಂದೇ ಅವಸರ: ಬೆಳ್ಳಗೆ ಏನೋ ಕಂಡಿತು, ಬರೆದುಬಿಡೋಣ. ಸಾಲ್ಟ್‌ನಲ್ಲಿ ಯಾವ ಲೋಹ ಇದೆ ಅಂತ ತಿಳಿಯಲು ರೀಏಜೆಂಟ್‌ಗಳನ್ನು (ಪರೀಕ್ಷೆಗೆ ಹಾಕುವ ರಾಸಾಯನಿಕಗಳನ್ನು) ಕ್ರಮವಾಗಿ ಹಾಕುತ್ತಾ ಹೋಗುತ್ತೇವೆ; ಒಂದೇ ಹಂತದಲ್ಲಿ ಒಟ್ಟಿಗೆ ಬೀಳುವ ಲೋಹಗಳೇ ಒಂದು ಗ್ರೂಪ್. ಮೊದಲು ಟೆಸ್ಟ್‌ಟ್ಯೂಬ್ ಯಾವ ನೀರಲ್ಲಿ ತೊಳೆದಿರಿ ನೋಡಿ. ಬೆಂಗಳೂರಿನ ಎಷ್ಟೋ ಕಡೆ ನಲ್ಲಿಯಲ್ಲಿ ಬರುವುದು ಬೋರ್‌ವೆಲ್‌ನ ಗಡಸು ನೀರು. ಅದರಲ್ಲಿ ಸಾಲ್ಟ್ ಕರಗಿಸಿದರೆ, ನಿಮಗೆ ಕೊಡದೇ ಇರುವ ಕ್ಯಾಲ್ಸಿಯಂ ಐದನೇ ಗ್ರೂಪಲ್ಲಿ ಬಂದು ಕೂರುತ್ತದೆ. ಡಿಸ್ಟಿಲ್ಡ್ ವಾಟರ್ ಬಳಸಿ. ಆ ಕ್ಯಾನ್ ಮೇಲೂ ಅನುಮಾನವಿದ್ದರೆ ಸ್ವಲ್ಪ ನೀರಿಗೆ ಒಂದು ತೊಟ್ಟು ಸಿಲ್ವರ್ ನೈಟ್ರೇಟ್ ಹಾಕಿ. ಬೆಳ್ಳಗೆ ಕದಡಿದಂತಾದರೆ ಆ ನೀರು ಬೇಡ.

ಅಮೋನಿಯಂ ಇದೆಯಾ ಅಂತ ಸಾಲ್ಟ್‌ನಿಂದಲೇ ನೋಡಿ: ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಬಿಸಿ ಮಾಡಿದರೆ ಘಾಟು ಬರಬೇಕು. ಮುಂದೆ ನಾವೇ ಅಮೋನಿಯಂ ಸುರಿಯುತ್ತೇವೆ, ಆಮೇಲೆ ಹುಡುಕಿ ಫಲವಿಲ್ಲ.

ಮೊದಲ ಗ್ರೂಪಲ್ಲಿ ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್‌ಗೆ ಬಿಳಿ ಪ್ರೆಸಿಪಿಟೇಟ್ (ಕರಗದೆ ಬೀಳುವ ಗಷ್ಟು) ಬಿದ್ದು, ಬಿಸಿನೀರಲ್ಲಿ ಕರಗಿದರೆ ಸೀಸ. ಎರಡನೆಯದರಲ್ಲಿ ಅದೇ ಆಸಿಡ್ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಬಿಟ್ಟಾಗ ಕಪ್ಪಾದರೆ ಹೆಚ್ಚಾಗಿ ತಾಮ್ರ. ಈ ಅನಿಲ ವಿಷ, ಫ್ಯೂಮ್ ಹುಡ್ ಒಳಗೇ ಮಾಡಿ.

ಈಗ ಮೂರನೇ ಗ್ರೂಪ್. ಹೈಡ್ರೋಜನ್ ಸಲ್ಫೈಡ್ ಬಿಟ್ಟ ದ್ರಾವಣವಾದರೆ ಆ ಅನಿಲ ಪೂರ್ತಿ ಹೋಗುವ ತನಕ ಕುದಿಸಿ. ಉಳಿದರೆ ನಾಲ್ಕನೇ ಗ್ರೂಪಿನವು ಇಲ್ಲೇ ಬೀಳುತ್ತವೆ. ನಂತರ ಎರಡು ತೊಟ್ಟು ಕಾನ್ಸಂಟ್ರೇಟೆಡ್ ನೈಟ್ರಿಕ್ ಆಸಿಡ್ ಹಾಕಿ ಮತ್ತೆ ಕುದಿಸಿ, ಕಬ್ಬಿಣ ಇದ್ದರೆ ಫೆರಿಕ್ (ಮೂರು ಧನ ಚಾರ್ಜ್‌ನ ರೂಪ) ಆಗುತ್ತದೆ. ಆರಿದ ಮೇಲೆ ಅಮೋನಿಯಂ ಕ್ಲೋರೈಡ್ ಪುಡಿ ಧಾರಾಳವಾಗಿ ಹಾಕಿ ಕರಗಿಸಿ. ಇದನ್ನೇ ಜಾಸ್ತಿ ಜನ ಮರೆಯುವುದು. ಇದು ಹೈಡ್ರಾಕ್ಸೈಡ್ ಅಯಾನುಗಳನ್ನು ತಗ್ಗಿಸಿ ಇಡುತ್ತದೆ. ಇಲ್ಲದಿದ್ದರೆ ಮ್ಯಾಂಗನೀಸ್, ಮೆಗ್ನೀಸಿಯಂ ಕೂಡ ಇಲ್ಲೇ ಬೀಳುತ್ತವೆ.

ಕೊನೆಗೆ ಅಮೋನಿಯಂ ಹೈಡ್ರಾಕ್ಸೈಡ್. ತೊಟ್ಟು ತೊಟ್ಟಾಗಿ ಹಾಕಿ, ಅಲುಗಾಡಿಸಿ, ಘಾಟು ಹೋಗದೆ ಉಳಿಯುವ ತನಕ. ಬಾಟಲಿಗೆ ಮೂಗು ಹಿಡಿಯಬೇಡಿ, ಗಾಳಿಯನ್ನು ಕೈಯಲ್ಲಿ ಬೀಸಿಕೊಳ್ಳಿ. ಮುಚ್ಚಳ ತೆರೆದೇ ಇದ್ದ ಬಾಟಲಿಯಲ್ಲಿ ಸತ್ವವಿರುವುದಿಲ್ಲ, ಕಾರ್ಬೊನೇಟ್ ಬೇರೆ ಸೇರಿರುತ್ತದೆ. ಗಾಜಿನಲ್ಲಿ ಬಹುಕಾಲ ಇದ್ದರೆ ಸಿಲಿಕಾ ಚೂರುಗಳೂ ತೇಲುತ್ತವೆ, ಅವನ್ನೇ ಅಲ್ಯೂಮಿನಿಯಂ ಅಂದುಕೊಳ್ಳುವವರಿದ್ದಾರೆ. ಸಾಲ್ಟ್ ಇಲ್ಲದೆ ಬರೀ ನೀರಿಗೆ ಇದೇ ರೀಏಜೆಂಟ್‌ಗಳನ್ನು ಹಾಕಿ ಪಕ್ಕದಲ್ಲಿಡಿ. ಅಲ್ಲೂ ಬಿಳಿ ಕಂಡರೆ ಹೊಸ ಬಾಟಲಿ ಕೇಳಿ, ನಾಚಿಕೆ ಬೇಡ.

ಕೆಂಗಂದು ಬಂದರೆ ಕಬ್ಬಿಣ. ಅಲ್ಯೂಮಿನಿಯಂ ಸುಲಭಕ್ಕೆ ಕಾಣಿಸದು. ಬೆಂದ ಸಬ್ಬಕ್ಕಿಯ ಹಾಗೆ ಅರೆಪಾರದರ್ಶಕ. ಕಪ್ಪು ಕಾಗದ ಹಿಂದಿಟ್ಟು ನೋಡಿ. ಖಾತ್ರಿಗೆ ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿ, ನೀಲಿ ಲಿಟ್ಮಸ್ ದ್ರಾವಣ ಹಾಕಿ, ಅಮೋನಿಯಂ ಹೈಡ್ರಾಕ್ಸೈಡನ್ನು ಟ್ಯೂಬಿನ ಗೋಡೆಗುಂಟ ಇಳಿಸಿ. ಅಲುಗಾಡಿಸಬೇಡಿ. ತಿಳಿ ದ್ರಾವಣದಲ್ಲಿ ನೀಲಿ ಮುದ್ದೆ ತೇಲಬೇಕು. ದ್ರಾವಣವೆಲ್ಲ ನೀಲಿಯಾದರೆ ಅದು ಲೆಕ್ಕಕ್ಕಿಲ್ಲ.

ನಾಲ್ಕನೆಯದರಲ್ಲಿ ಸಲ್ಫೈಡಿನ ಬಣ್ಣವೇ ಹೇಳುತ್ತದೆ: ಬಿಳಿ ಸತು, ಮಾಂಸದ ಬಣ್ಣ ಮ್ಯಾಂಗನೀಸ್, ಕಪ್ಪು ನಿಕಲ್ ಅಥವಾ ಕೋಬಾಲ್ಟ್.

ಐದರಲ್ಲಿ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ, ಇದೇ ಕ್ರಮದಲ್ಲಿ ನೋಡಿ. ನೇರ ಫ್ಲೇಮ್ ಟೆಸ್ಟ್‌ಗೆ (ಜ್ವಾಲೆಯ ಬಣ್ಣ ನೋಡಿ ಲೋಹ ಗುರುತಿಸುವುದಕ್ಕೆ) ಹಾರುವ ಶಾರ್ಟ್‌ಕಟ್ ನನಗೆ ಹಿಡಿಸುವುದಿಲ್ಲ. ಕೈಬೆವರಿನ ಸೋಡಿಯಂ ಸಾಕು, ಹಳದಿ ಜ್ವಾಲೆ ಎಲ್ಲವನ್ನೂ ಮುಚ್ಚುತ್ತದೆ.

ಆರನೆಯ ಮೆಗ್ನೀಸಿಯಂಗೆ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಹಾಕಿ, ಗಾಜಿನ ಕಡ್ಡಿಯಿಂದ ಟ್ಯೂಬಿನ ಒಳಗೋಡೆ ಕೆರೆಯಿರಿ. ಹರಳು ನಿಧಾನ, ಐದು ನಿಮಿಷ ಬಿಡಿ. ಬೆಲ್ ಹೊಡೆಯಿತು ಅಂತ ಸಿಂಕಿಗೆ ಸುರಿಯಬೇಡಿ.