ಹಂದಿಯ ಬೆದೆ ಗುರುತಿಸಿ ಸರಿಯಾದ ಹೊತ್ತಿಗೆ ಕ್ರಾಸ್ ಮಾಡಿಸುವುದು

ಯಾರ್ಕ್‌ಷೈರ್, ಲ್ಯಾಂಡ್ರೇಸ್‌ನಂಥ ತಳಿಯ ಹಂದಿ ನಾಲ್ಕೈದೇ ಮರಿ ಹಾಕಿದರೆ ತಳಿಯನ್ನು ದೂರುವ ಮೊದಲು ಕ್ರಾಸ್ ಮಾಡಿಸಿದ ಹೊತ್ತನ್ನು ನೋಡಿ. ಬೆದೆ 21 ದಿನಕ್ಕೊಮ್ಮೆ ಬಂದು ಎರಡು-ಮೂರು ದಿನ ಇರುತ್ತದೆ. ಅಂಡಗಳು ಬಿಡುಗಡೆಯಾಗುವುದು ಅದರ ಮೂರನೇ ಎರಡು ಭಾಗ ಕಳೆದ ಮೇಲೆ. ಬಿಡುಗಡೆಯಾದ ಅಂಡ ಕೆಲವೇ ಗಂಟೆ ಬದುಕುತ್ತದೆ, ವೀರ್ಯಾಣು ಸುಮಾರು ಒಂದು ದಿನ. ಹಾಗಾಗಿ ವೀರ್ಯ ಮೊದಲೇ ಒಳಗೆ ಹೋಗಿ ಕಾದಿರಬೇಕು, ಆದರೆ ತೀರಾ ಮೊದಲೂ ಅಲ್ಲ.

ಹೆಚ್ಚು ಜನ ಎಡವುವುದು ಯೋನಿಯ ಊತ ನೋಡಿ. ಕೆಂಪಾಗಿ ಊದಿಕೊಳ್ಳುವುದು ನಿಜವಾದ ಬೆದೆಗಿಂತ ಎರಡು-ಮೂರು ದಿನ ಮೊದಲು. ಆಗ ಗಂಡು ಹತ್ತಿದರೆ ಹೆಣ್ಣು ಓಡುತ್ತದೆ. ಊತ ಇಳಿಯತೊಡಗಿ ಲೋಳೆ ಅಂಟಂಟಾದಾಗ ಪರೀಕ್ಷಿಸಿ. ಬೆಳಿಗ್ಗೆ-ಸಂಜೆ, ಮೇವು ತಿಂದು ಮುಗಿದ ಮೇಲೆ, ಗಂಡನ್ನು ಮೂತಿಗೆ ಮೂತಿ ತಾಗುವಂತೆ ಎದುರು ನಿಲ್ಲಿಸಿ, ಹೆಣ್ಣಿನ ಸೊಂಟದ ಮೇಲೆ ಎರಡೂ ಅಂಗೈಯಿಂದ ಬಲವಾಗಿ ಒತ್ತಿ. ಕಿವಿ ನಿಮಿರಿಸಿ ಅಲುಗದೆ ನಿಂತರೆ ಬೆದೆ ಖಚಿತ. ಗಂಡಿನ ಜೊಲ್ಲಿನ ವಾಸನೆಯೇ ಹೆಣ್ಣನ್ನು ಹಾಗೆ ನಿಲ್ಲಿಸುತ್ತದೆ. ಗಂಡಿಲ್ಲದೆ ಪರೀಕ್ಷಿಸಿದರೆ ಕೆಲವು ಬೆದೆ ತಪ್ಪಿಯೇ ಹೋಗುತ್ತವೆ. ಗಂಡು ಸದಾ ಪಕ್ಕದ ಗೂಡಿನಲ್ಲೇ ಇದ್ದರೂ ಹೆಣ್ಣು ಅದಕ್ಕೆ ಒಗ್ಗಿಹೋಗುತ್ತದೆ. ದೂರ ಕಟ್ಟಿ, ಪರೀಕ್ಷೆಗಷ್ಟೇ ತನ್ನಿ.

ಬೆಳಿಗ್ಗೆ ಬೆದೆ ಕಂಡ ಹೊಸ ಹೆಣ್ಣಿಗೆ, ಅಂದರೆ ಇನ್ನೂ ಒಮ್ಮೆಯೂ ಈಯದ ಹಂದಿಗೆ, ಅದೇ ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಕ್ರಾಸ್ ಮಾಡಿಸಿ. ಈದ ಹಂದಿಗೆ ಮರುದಿನ ಬೆಳಿಗ್ಗೆ ಮತ್ತು ಸಂಜೆ. ಮರಿಗಳ ಹಾಲು ಬಿಡಿಸಿದ 4ರಿಂದ 7 ದಿನದಲ್ಲಿ ಹಂದಿ ಮತ್ತೆ ಬೆದೆಗೆ ಬರುತ್ತದೆ. ತಡವಾಗಿ ಬಂದದ್ದರ ಬೆದೆ ಚಿಕ್ಕದು, ಅದಕ್ಕೆ ಹೊಸ ಹೆಣ್ಣಿನಂತೆ ಬೇಗ ಕ್ರಾಸ್ ಮಾಡಿಸಿ. ಹೊಸ ಹೆಣ್ಣಿಗೆ ಎಂಟು ತಿಂಗಳಾದರೂ ತುಂಬಿರಲಿ, ಮೊದಲ ಬೆದೆ ಬಿಟ್ಟುಬಿಡಿ.

ಕೃತಕ ಗರ್ಭಧಾರಣೆಯಾದರೆ ವೀರ್ಯದ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಲೇಬೇಡಿ. ಹಂದಿಯ ವೀರ್ಯಕ್ಕೆ 17 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು ಬೇಕು. ಅದಕ್ಕಿಂತ ತೀರಾ ತಣ್ಣಗಾದರೆ ವೀರ್ಯಾಣು ಸಾಯುತ್ತವೆ. ಯೋನಿಯನ್ನು ಒಣ ಕಾಗದದಿಂದ ಒರೆಸಿ, ನಳಿಕೆಯ ತುದಿಯನ್ನು ಮೇಲ್ಮುಖವಾಗಿ ತೂರಿಸಿ, ಇಲ್ಲದಿದ್ದರೆ ಅದು ಮೂತ್ರದ ದಾರಿ ಹಿಡಿಯುತ್ತದೆ. ತಡೆ ಸಿಕ್ಕಾಗ ಎಡಕ್ಕೆ ತಿರುಗಿಸುತ್ತ ಒತ್ತಿ. ಮೆಲ್ಲಗೆ ಎಳೆದರೆ ಬಿಗಿ ಹಿಡಿದಿರಬೇಕು. ಬಾಟಲಿ ಎತ್ತಿ ಹಿಡಿದು, ಸೊಂಟ ಒತ್ತುತ್ತಾ, 80–100 ಮಿಲಿ ತಾನಾಗಿ ಇಳಿಯಲು ಮೂರರಿಂದ ಐದು ನಿಮಿಷ ಕೊಡಿ. ಹಿಂಡಿದರೆ ಅಷ್ಟೂ ಹಿಂದಕ್ಕೆ ಸುರಿಯುತ್ತದೆ.

ಆಮೇಲಿನ ಒಂದು ತಿಂಗಳು ಗೂಡು ಬದಲಿಸಬೇಡಿ, ಬೇರೆ ಹಂದಿಗಳ ಜೊತೆ ಸೇರಿಸಿ ಕಾದಾಡಿಸಬೇಡಿ, ಬಿಸಿಲಿಗೆ ಬಿಡಬೇಡಿ. ಭ್ರೂಣಗಳು ಗರ್ಭಕೋಶಕ್ಕೆ ಅಂಟುವ ಕಾಲ ಅದು. ಸುಮಾರು 12ನೇ ದಿನಕ್ಕೆ ನಾಲ್ಕಾದರೂ ಭ್ರೂಣ ಉಳಿದಿರದಿದ್ದರೆ ಗಬ್ಬ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹೆಣ್ಣು ಮರಳಿ ಬೆದೆಗೆ ಬಂದಿದೆಯೇ ಎಂದು 18ರಿಂದ 24ನೇ ದಿನದವರೆಗೆ ಗಂಡನ್ನು ಎದುರು ತಂದು ನೋಡಿ. ಹಲವು ಹೆಣ್ಣುಗಳು ಒಟ್ಟಿಗೆ ಮರಳಿ ಬೆದೆಗೆ ಬಂದರೆ ಅನುಮಾನ ಗಂಡಿನ ಮೇಲಿರಲಿ: ಜ್ವರ ಅಥವಾ ಕಡು ಬಿಸಿಲು ತಟ್ಟಿದ ಗಂಡಿನ ವೀರ್ಯ ಐದಾರು ವಾರ ಕೆಡುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಗಂಡಿಗೆ ನೆರಳು ಮತ್ತು ಮೈಮೇಲೆ ನೀರು ತಪ್ಪಿಸಬಾರದು. ಅದೇ ಗಂಡನ್ನು ಅದರ ಮಗಳಿಗೆ ಬಿಡುವುದೂ ಬೇಡ, ಮರಿಗಳು ಕಡಿಮೆಯಾಗಿ ಬಡಕಲಾಗುತ್ತವೆ.

ಕಿವಿಯ ನಂಬರು, ಗಂಡು ಯಾವುದು, ತಾರೀಕು ಬರೆದಿಡಿ. ಗರ್ಭ 114 ದಿನ: ಜನವರಿ 1ಕ್ಕೆ ಕ್ರಾಸ್ ಆದದ್ದು ಏಪ್ರಿಲ್ 25ರ ಸುಮಾರಿಗೆ ಈಯುತ್ತದೆ, 18ಕ್ಕೇ ಈಯುವ ಗೂಡಿಗೆ ಹೋಗಬೇಕು.